ಲಿಯೆನ್ ಅಗೆಸಿದ ಸುರಂಗ

ಇಳಕಲ್ಲಿನ ಹೊರಗಿನ ಕಲ್ಲಿನ ಕ್ವಾರಿಯೊಂದರಲ್ಲಿ ದುರ್ಗಪ್ಪ ಮೂವತ್ತೊಂದು ವರ್ಷದಿಂದ ಮೇಸ್ತ್ರಿ. ಕಲ್ಲು ಕೊಳ್ಳಲು ಬರುವ ಎಷ್ಟೋ ಪರದೇಶದವರನ್ನು ಕಂಡಿದ್ದ. ವಿಯೆಟ್ನಾಮಿನಿಂದ ಬಂದವಳು ಮಾತ್ರ ಈಕೆಯೇ ಮೊದಲು. ಹೆಸರು ಲಿಯೆನ್, ವಯಸ್ಸು ಅರವತ್ತೇಳು. ದುರ್ಗಪ್ಪನ ಎದೆಮಟ್ಟಕ್ಕೂ ಬಾರದ ಗಿಡ್ಡ ಹೆಣ್ಣುಮಗಳು. ಯುದ್ಧದಲ್ಲಿ ಸತ್ತ ತನ್ನ ಊರವರ ಹೆಸರು ಕೆತ್ತಿಸಲು ಕೆಂಪು ಕಲ್ಲು ಬೇಕೆಂದು ಬಂದಿದ್ದಳು. ಅವಳ ಅರೆಬರೆ ಇಂಗ್ಲಿಷನ್ನು ಕನ್ನಡಕ್ಕೆ ತಿರುಗಿಸಿ ಹೇಳಲು ಆಫೀಸಿನ ಮಹೇಶ್ವರಿ ಜೊತೆಗಿದ್ದಳು.

ಹಿಂದಿನ ಎರಡು ದಿನ ಜೋರು ಮಳೆಯಾಗಿತ್ತು. ಕಲ್ಲಿನ ಮೇಲಿಂದ ಕೆರೆದು ಹಾಕಿದ ಗರಸು ಮಣ್ಣಿನ ಗುಡ್ಡೆ ನೀರು ಕುಡಿದು ನಿಂತಿತ್ತು. ಅದರ ಬುಡದಲ್ಲಿ ಆನೆಗಾತ್ರದ ಎರಡು ಕಲ್ಲಿನ ಬ್ಲಾಕುಗಳು. ಅವುಗಳ ನಡುವಿನ ಸಂದಿಯಲ್ಲಿ ಕುಳಿತು ಕ್ವಾರಿಯ ಆಳು ಜಲಾಲುದ್ದೀನ ಬಣ್ಣದಿಂದ ನಂಬರು ಬರೆಯುತ್ತಿದ್ದ. ಹನ್ನೊಂದರ ಸುಮಾರಿಗೆ ಗುಡ್ಡೆ ಜಾರಿತು. ದೊಡ್ಡ ಸದ್ದೇನೂ ಆಗಲಿಲ್ಲ. ನೋಡನೋಡುತ್ತಲೇ ಎರಡೂ ಬ್ಲಾಕು ಮಣ್ಣಿನಡಿ ಹೂತುಹೋದವು. ಒಂದರ ಮೂಲೆಯಷ್ಟೇ ಹೊರಗೆ ಉಳಿಯಿತು.

"ಜಲಾಲಾ!" ದುರ್ಗಪ್ಪ ಓಡಿದ. "ಜೆಸಿಬಿ ತರ್ರಿ! ಲಗೂನ ತರ್ರಿ!"

ಜೆಸಿಬಿ ಬಂದು ಬಕೆಟ್ಟು ಎತ್ತುವಷ್ಟರಲ್ಲಿ ಲಿಯೆನ್ ಅದರ ಮುಂದೆ ಹೋಗಿ ನಿಂತುಬಿಟ್ಟಳು.

"ಏ, ಆಕೀನ್ನ ಆ ಕಡೆ ಸರಸ್ರಿ!" ಎಂದು ದುರ್ಗಪ್ಪ ಕೂಗಿದ.

"ಕಾಕಾ, ಮಶಿನ್ ಬಂದ್ ಮಾಡ್ರಿ ಅನ್ನಾಕತ್ತಾರ್ರಿ," ಎಂದಳು ಮಹೇಶ್ವರಿ.

ಎಂಜಿನ್ ನಿಂತಿತು. ಲಿಯೆನ್ ಮಣ್ಣಿನ ಮೇಲೆ ಬೋರಲು ಮಲಗಿ, ಹೊರಗುಳಿದ ಕಲ್ಲಿನ ಮೂಲೆಗೆ ಕಿವಿ ಹಚ್ಚಿದಳು. ಆಮೇಲೆ ದುರ್ಗಪ್ಪನನ್ನು ಕೈಮಾಡಿ ಕರೆದಳು. ಅವನೂ ಕಿವಿ ಹಚ್ಚಿದ. ಟಕ್. ಟಕ್. ಟಕ್. ಒಳಗಿನಿಂದ ಯಾರೋ ಕಲ್ಲಿಗೆ ಬಡಿಯುತ್ತಿದ್ದರು.

"ಅದಾನ! ಜೀವಂತ ಅದಾನ!"

ಲಿಯೆನ್ ಗಡಿಬಿಡಿಯಿಲ್ಲದೆ ಹೇಳುತ್ತ ಹೋದಳು, ಮಹೇಶ್ವರಿ ಒಂದೊಂದೇ ಮಾತು ತಿಳಿಸಿದಳು. "ಮಶಿನ್ ಹಚ್ಚಿದ್ರ ಆ ಅದುರಿಗೆ ಒಳಗಿನ ಸಂದಿ ಪೂರಾ ಕುಸೀತೈತಂತ. ಕೈಲೆ ಅಗಿಬೇಕಂತ, ಕುಂತು. ಸಣ್ಣದೊಂದು ಸಾಮಾನು ಬೇಕಂತ." ಲಿಯೆನ್ ಮೊಣಕೈಯಿಂದ ಬೆರಳ ತುದಿಯವರೆಗೆ ಅಳತೆ ತೋರಿಸಿದಳು.

"ಕುರ್ಪಿ!" ಎಂದ ದುರ್ಗಪ್ಪ. ಪಕ್ಕದ ಉಳ್ಳಾಗಡ್ಡಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರು ಕುರ್ಪಿ, ಬುಟ್ಟಿಗಳ ಸಮೇತ ಓಡಿ ಬಂದರು.

ಲಿಯೆನ್ ಗುಡ್ಡೆಯ ಸುತ್ತ ತಿರುಗಿ, ಉಗುರಿನಿಂದ ಮಣ್ಣು ಕೆರೆದು ನೋಡಿದಳು. ಎರಡು ಜಾಗ ಬೇಡವೆಂದಳು. ಮೂರನೆಯದು ದೂರವಿತ್ತು, ಆದರೆ ಅಲ್ಲಿ ಮಣ್ಣು ಗಟ್ಟಿ. ಒಂದು ಹೆಗಲು ಹಿಡಿಯುವಷ್ಟೇ ಬಿಲ ಸಾಕು ಎಂದಳು. ದುರ್ಗಪ್ಪ ಅದನ್ನು ಅಗಲ ಮಾಡಹೋದಾಗ ಅವನ ಕೈಗೆ ಪಟ್ಟನೆ ಏಟು ಕೊಟ್ಟಳು. ಅಂಗೈ ಬಾಗಿಸಿ ಹಿಡಿದು, ಮೇಲಿನ ಮಣ್ಣು ಹೀಗೆ ಕಮಾನಿನಂತೆ ಇರಬೇಕು ಎಂದು ತೋರಿಸಿದಳು. ಆಮೇಲೆ ಯಾರು ಬೇಡವೆಂದರೂ ಕೇಳದೆ ತಾನೇ ಒಳಗೆ ತೂರಿದಳು.

ಅವಳ ಕಾಲುಗಳೂ ಮರೆಯಾದವು. ಒಳಗಿನಿಂದ ಬುಟ್ಟಿ ಬರುತ್ತಿತ್ತು, ಕೈಯಿಂದ ಕೈಗೆ ಸಾಗುತ್ತಿತ್ತು, ಖಾಲಿಯಾಗಿ ಮರಳುತ್ತಿತ್ತು. ಹಗಲೆಲ್ಲ ಡ್ರಿಲ್ಲು ಅರಚುವ ಕ್ವಾರಿಯಲ್ಲಿ ಕುರ್ಪಿ ಕೆರೆಯುವ ಸದ್ದೊಂದೇ ಕೇಳುತ್ತಿತ್ತು. ಎರಡೂವರೆ ತಾಸಿನ ಮೇಲೆ ಬಿಲದೊಳಗಿನಿಂದ ಜಲಾಲುದ್ದೀನನ ದನಿ ಬಂತು.

"ಮೇಸ್ತ್ರಿ, ಇದ್ಯಾವ ಮುದುಕೀರಿ? ನನ್ನ ಮಾರಿ ಒರಸಾಕತ್ತೈತಿ!"

ಹೆಂಗಸರು ಅಳುತ್ತಲೇ ನಕ್ಕರು. ಜಲಾಲುದ್ದೀನನ ಒಂದು ಕಾಲು ಮುರಿದಿತ್ತು, ಅಷ್ಟೇ. ಅವನನ್ನು ಅದೇ ಬಿಲದಿಂದ ಮೆಲ್ಲಗೆ ಹೊರಗೆಳೆದು ಅಂಬುಲೆನ್ಸಿನಲ್ಲಿ ಬಾಗಲಕೋಟೆಗೆ ಕಳಿಸಿದರು.

ಬೇವಿನ ಗಿಡದ ಕೆಳಗೆ ಲಿಯೆನ್ ಕೈಕಾಲು ತೊಳೆದುಕೊಂಡು ಕುಳಿತಳು. ದುರ್ಗಪ್ಪ ಅವಳೆದುರು ನೆಲದ ಮೇಲೆ ಕುಳಿತ. "ಅಮ್ಮಾರ, ಇದನ್ನ ಎಲ್ಲಿ ಕಲ್ತ್ರಿ?"

ಸೈಗಾನಿನಿಂದ ಒಂದು ದಿನದ ನಡಿಗೆಯಷ್ಟು ದೂರ ಅವಳ ಊರು. ಅಪ್ಪ ಕಮ್ಯುನಿಸ್ಟ್ ಗೆರಿಲ್ಲಾಗಳ ಜೊತೆಗಿದ್ದ. ಅವರನ್ನು ಬಗ್ಗುಬಡಿಯಲು ಅಮೆರಿಕ ಸಮುದ್ರ ದಾಟಿ ಬಂದಿತ್ತು, ವಿಮಾನ, ಹೆಲಿಕಾಪ್ಟರು, ಟ್ಯಾಂಕುಗಳ ಸಮೇತ. ಊರವರ ಹತ್ತಿರ ಇದ್ದದ್ದು ಕೆಲವು ಬಂದೂಕು, ಸೈಕಲ್ಲು, ಗಿಡ್ಡ ಗುದ್ದಲಿ. ಊರಿಗೆ ಊರೇ ನೆಲದೊಳಗೆ ಇಳಿಯಿತು. ಒಂಬತ್ತು ವರ್ಷದ ಲಿಯೆನ್ ಅಗೆದ ಮಣ್ಣನ್ನು ಹೊತ್ತು ಬಾಂಬು ಬಿದ್ದ ಕುಣಿಗಳಿಗೆ ಸುರಿಯುತ್ತಿದ್ದಳು, ವಿಮಾನದಲ್ಲಿದ್ದವರಿಗೆ ಹೊಸ ಮಣ್ಣು ಕಾಣಬಾರದೆಂದು. ಬಾಂಬು ಹಾಕುವ ವಿಮಾನಗಳು ಕಣ್ಣಿಗೂ ಕಾಣದಷ್ಟು, ಸದ್ದೂ ಕೇಳದಷ್ಟು ಎತ್ತರದಲ್ಲಿ. ಮೊದಲು ನೆಲ ಜಿಗಿಯುತ್ತಿತ್ತು, ಸದ್ದು ಆಮೇಲೆ. ಒಂದು ದಿನ ಸುರಂಗದ ಕವಲೊಂದು ನಲವತ್ತೆರಡು ಜನರ ಮೇಲೆ ಕುಸಿಯಿತು. ಉಳಿದವರು ಮೂರು ದಿನ ಅಗೆದರು. ಹನ್ನೊಂದು ಜನ ಬದುಕಿ ಬಂದರು. ಲಿಯೆನ್‌ಳ ಅಣ್ಣ ಬಂದ, ತಾಯಿ ಬರಲಿಲ್ಲ.

"ಆ ಸುರಂಗ ಎಷ್ಟು ಉದ್ದ ಇದ್ವಂತ?" ದುರ್ಗಪ್ಪ ಮೆಲ್ಲಗೆ ಕೇಳಿದ.

ಮಹೇಶ್ವರಿ ಕೇಳಿ, ಬೆರಳು ಮಡಚಿ ಲೆಕ್ಕ ಹಾಕಿದಳು. "ಆ ಸೀಮ್ಯಾಗಿನ ಎಲ್ಲಾ ಊರಿನವು ಕೂಡಿಸಿದ್ರ ಇನ್ನೂರು ಕಿಲೋಮೀಟರ್ ಮ್ಯಾಲೆ ಅಂತ ಕಾಕಾ. ಇಲ್ಲಿಂದ ಕಮತಗಿ, ಬಾಗಲಕೋಟಿ, ಕೆರೂರ, ಹುಬ್ಬಳ್ಳಿ ದಾಟಿ ಧಾರವಾಡ ಮುಟ್ಟತೈತ್ರಿ."

"ನೆಲದಾಗ? ಕೈಲೆ?"

ಸಿಡಿಮದ್ದು, ಡ್ರಿಲ್ಲು, ಯಂತ್ರ ಎಲ್ಲ ಇದ್ದೂ ಹತ್ತು ಮಾರು ಇಳಿಯಲು ತಾನು ಪಡುವ ಪಾಡು ದುರ್ಗಪ್ಪನಿಗೆ ಗೊತ್ತಿತ್ತು. ಅವನು ಅವಳ ಪುಟ್ಟ ಕೈಗಳನ್ನೇ ನೋಡಿದ. "ಆ ಅಮೆರಿಕದವರ ಮ್ಯಾಲೆ ಸಿಟ್ಟಿಲ್ಲೇನ್ರಿ?" ಎಂದು ಕೇಳಿದ.

ಅದಕ್ಕೆ ಲಿಯೆನ್ ಒಂದು ಕತೆ ಹೇಳಿದಳು. ಸಣ್ಣ ಮೈಕಟ್ಟಿನ ಅಮೆರಿಕನ್ ಸಿಪಾಯಿಗಳನ್ನು ಒಂದು ಪಿಸ್ತೂಲು, ಒಂದು ಟಾರ್ಚು ಕೊಟ್ಟು ಸುರಂಗಕ್ಕೆ ಇಳಿಸುತ್ತಿದ್ದರಂತೆ. ಅಂಥವನೊಬ್ಬ ತಿರುವಿನಲ್ಲಿ ಅವಳಿಗೆ ಎದುರಾದ. ಇಬ್ಬರೂ ತೆವಳುತ್ತಿದ್ದರು. ಅವನೂ ಅವಳಷ್ಟೇ ಹೆದರಿದ್ದ. ಅವನು ಟಾರ್ಚು ಆರಿಸಿ ಹಿಂದಕ್ಕೆ ಸರಿದ, ಇವಳೂ ಸರಿದಳು.

ಮನೆಯಲ್ಲಿ ದುರ್ಗಪ್ಪ ಎಲ್ಲವನ್ನೂ ಹೆಂಡತಿ ಸಿದ್ದವ್ವನಿಗೆ ಹೇಳಿದ. ಸಿದ್ದವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು: "ಅಷ್ಟ್ ಮಂದಿ ನೆಲದಾಗ ಒಲಿ ಹ್ಯಾಂಗ ಹಚ್ಚತಿದ್ರು? ಹೊಗಿ ಮ್ಯಾಲೆ ಬಂದ್ರ ಇಮಾನದಾವ್ರಿಗೆ ಕಾಣೂದಿಲ್ಲೇನು?"

ದುರ್ಗಪ್ಪನಿಗೆ ಅದು ಹೊಳೆದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಲಿಯೆನ್ ಹೊರಡುವ ಮೊದಲೇ ಲಾಡ್ಜಿಗೆ ಹೋಗಿ ಮಹೇಶ್ವರಿಯ ಮೂಲಕ ಕೇಳಿದ. ಲಿಯೆನ್ ನಕ್ಕಳು. ಕಾರಿನ ಬಾನೆಟ್ಟಿನ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆದಳು: ಇದು ಒಲೆ, ಇವು ಮಣ್ಣಿನೊಳಗಿನ ಉದ್ದನೆಯ ಕಾಲುವೆಗಳು. ಹೊಗೆ ಅವುಗಳೊಳಗೆ ದೂರ ನಡೆದು ನಡೆದು ತೆಳ್ಳಗಾಗಿ, ಮುಂಜಾನೆಯ ಮಂಜಿನಲ್ಲಿ ಬೆರೆಯುತ್ತಿತ್ತು.

"ಇದನ್ನ ಯಾರು ಕೇಳಿದ್ರು ಅಂತಾರ್ರಿ," ಎಂದಳು ಮಹೇಶ್ವರಿ. "ಎಲ್ಲಾರೂ ಬಾಂಬಿನ ಸುದ್ದಿ ಕೇಳ್ತಾರಂತ. ಆ ಒಲಿ ನೋಡಿಕೊಳ್ಳಾಕಿ ಅವರ ತಾಯೀನ ಇದ್ರಂತ."

"ನನ್ನ ಹೆಂಡ್ತಿರಿ," ಎಂದ ದುರ್ಗಪ್ಪ, ಸಿದ್ದವ್ವನಿಗೆ ಫೋನು ಹಚ್ಚಿ ಎಲ್ಲ ಹೇಳಿದ.

"ಗಾಡಿ ಹೊಂಟೈತೇನು?" ಎಂದಳು ಸಿದ್ದವ್ವ. "ನಿಲ್ಲಸ್ರಿ. ರೊಟ್ಟಿ, ಶೇಂಗಾ ಚಟ್ನಿ ಕಟಗೊಂಡು ಬರ್ತೇನಿ. ಆ ಒಲಿ ಹಚ್ಚತಿದ್ದಾಕಿ ಮಗಳ ಮಾರಿ ನಾ ಒಂದ್ಸಲ ನೋಡಬೇಕು."