ಕೂತೇ ಹೊರಟ ಸಂಗಮೇಶ

"ಹಿಂಗ, ಸರ್. ಲೈಕ್ ದಿಸ್!" ಎನ್ನುತ್ತ ರಾಚಯ್ಯ ಅಮೆರಿಕದ ಕ್ಯಾಂಟನ್ ಊರಿನ ಫ್ಯೂನರಲ್ ಹೋಮಿನ ಕಾರ್ಪೆಟ್ಟಿನ ಮೇಲೆ ಸೂಟುಬೂಟಿನ ಸಮೇತ ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟ. ಬೆನ್ನು ನೆಟ್ಟಗೆ, ಎಡ ಅಂಗೈ ಎದೆಯ ಮುಂದೆ, ಕಣ್ಣು ಅರ್ಧ ಮುಚ್ಚಿ. ಹುಟ್ಟಿನಿಂದ ಜಂಗಮ, ಹೊಟ್ಟೆಪಾಡಿಗೆ ಸಾಫ್ಟ್‌ವೇರು. ಡೆಟ್ರಾಯಿಟಿನ ಸುತ್ತ ನೂರು ಮೈಲಿಯಲ್ಲಿ ಲಿಂಗಾಯತರ ಸಾವಿಗೆ ಮಂತ್ರ ಹೇಳಬಲ್ಲವನು ಇವನೊಬ್ಬನೇ, ಅದೂ ಅರ್ಧ ಮಂತ್ರ.

ಫ್ಯೂನರಲ್ ಹೋಮಿನ ಡೈರೆಕ್ಟರ್ ಬೆಪ್ಪಾಗಿ ನೋಡಿದ. ಬದುಕಿರುವವನು ಹೆಣದ ಪಾರ್ಟು ಮಾಡುವುದನ್ನು ಅವನ ಏಳು ತಲೆಮಾರಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ.

"ಕೂರಿಸಬಹುದು," ಎಂದ ಕೊನೆಗೆ ಇಂಗ್ಲಿಷಿನಲ್ಲಿ. "ಗುಂಡಿಯನ್ನೂ ಚೌಕವಾಗಿ ತೋಡಿಸೋಣ. ಆದರೆ ಸಿಮೆಟರಿಯವರು ಪೆಟ್ಟಿಗೆ ಕೇಳುತ್ತಾರೆ. ನನ್ನ ಹತ್ತಿರ ಇರುವುದೆಲ್ಲ ಮಲಗಿದವರ ಪೆಟ್ಟಿಗೆ. ಮಧ್ಯಾಹ್ನದೊಳಗೆ ಬೇರೆ ಸಿಗದಿದ್ದರೆ ಮಲಗಿಸಲೇಬೇಕು."

ಗೋಡೆಗೆ ಒರಗಿ ನಿಂತಿದ್ದ ನೀಲಾಂಬಿಕಾ ಅಲ್ಲಾಡಲಿಲ್ಲ. ಡ್ರೈವ್‌ವೇ ಹಿಮ ಎತ್ತುತ್ತ ಎತ್ತುತ್ತಲೇ ಕುಸಿದ ಗಂಡ ಸಂಗಮೇಶ ಒಳಗಿನ ಕೋಣೆಯಲ್ಲಿದ್ದ. ಆ ಸಲದ ಹಿಮ ಎಂದರೆ, ಊರಿನವರು ಚಿಮಣಿ ನೋಡಿ ತಮ್ಮ ಮನೆ ಗುರುತಿಸಿಕೊಳ್ಳುತ್ತಿದ್ದರು.

"ನೀಲಾ, ಕ್ರಿಮೇಷನ್ ಮಾಡಿಸಿಬಿಡೋಣ ಕಣೇ," ಎಂದಳು ಪಕ್ಕದ ಮನೆಯ ಮೈಸೂರಿನ ಪದ್ಮ, ಅವಳ ಭುಜ ಹಿಡಿದು. "ಇಲ್ಲಿ ನಮ್ಮವರೆಲ್ಲ ಅದನ್ನೇ ಮಾಡೋದು."

"ನಿಮ್ಮವರು ಮಾಡ್ತಾರವ್ವ. ನಮ್ಮಲ್ಲಿ ಅಂಗೈಯೊಳಗ ಲಿಂಗ ಇಟ್ಟು ಕುಂದರಿಸೂದು. ಮಲಗಿಸಿದರ ಲಿಂಗ ಹೆಂಗ ನಿಂದರತೈತಿ? ಉಳ್ಳಿ ಬೀಳತೈತಿ. ಅವರು ಕತ್ತಲೊಳಗ ಹುಡುಕ್ಕೋತ ಇರಬೇಕೇನು?"

ಪದ್ಮ ಭುಜದ ಮೇಲಿನ ಕೈ ತೆಗೆದಳು. ಇಂಥ ಪ್ರಶ್ನೆಗೆ ಉತ್ತರ ಅಮೆರಿಕದ ಯಾವ ಯೂನಿವರ್ಸಿಟಿಯಲ್ಲೂ ಇರಲಿಲ್ಲ.

*

ಸಂಗಮೇಶ ಕಾರಿನ ಬಾಗಿಲ ಎಂಜಿನಿಯರ್. ಅವನು ಕೂಡಿಸಿದ ಬಾಗಿಲ ಸಂದಿಯಲ್ಲಿ ಇರುವೆ ನುಗ್ಗಬೇಕಾದರೂ ಉಸಿರು ಬಿಗಿಹಿಡಿಯಬೇಕು. ರಿಸೆಷನ್ ಬಂತು, ಅಂಥವನಿಗೂ ಕಂಪನಿ ತನ್ನ ಬಾಗಿಲು ತೋರಿಸಿತು. ಮನೆಯಲ್ಲಿ ಕೂತು ಕೂತು ಫ್ರಿಜ್ಜಿನ ಬಾಗಿಲನ್ನೂ ಬಿಚ್ಚತೊಡಗಿದ್ದ. ಆಗ ಬೋಲಿಂಗ್‌ಬ್ರೂಕಿನ ಹಳೆಯ ಪರಿಚಯದ ಪಾಸ್ಟರ್ ವೆಂಡೆಲ್ ಫೋನು ಮಾಡಿದ. ಬಂಗಾಳದ ಕಡಲಂಚಿನ ದ್ವೀಪವೊಂದರಲ್ಲಿ ಚಂಡಮಾರುತ ಊರೂರನ್ನೇ ನುಂಗಿದೆ, ಚರ್ಚಿನವರು ಮನೆ ಕಟ್ಟಲು ಹೊರಟಿದ್ದಾರೆ, ಬಾಗಿಲು ಗೊತ್ತಿರುವವರು ಬೇಕು.

"ಹೋದವ ಸ್ಯಾಮ್ಯುಯೆಲ್ ಆಗಿ ಬರ್ತಾನ ನೋಡ್ರಿ," ಎಂದು ರಾಚಯ್ಯ ಊರೆಲ್ಲ ಸಾರಿದ.

ದ್ವೀಪದಲ್ಲಿ ಸಂಗಮೇಶ ಕಾರಿನ ಲೆಕ್ಕದಲ್ಲೇ, ಕೂದಲೆಳೆ ಸಂದಿಯಿಲ್ಲದೆ, ಇಡೀ ಊರಿಗೆ ಬಾಗಿಲು ಕೂರಿಸಿದ. ಒಂದು ಮಳೆ ಬಿತ್ತು. ಮರ ಉಬ್ಬಿ ಬಾಗಿಲುಗಳೆಲ್ಲ ಕಚ್ಚಿಕೊಂಡವು. ಬೆಳಿಗ್ಗೆ ಊರಿಗೆ ಊರೇ, ಮುದುಕಿಯರು ಮೇಕೆಗಳ ಸಮೇತ, ಕಿಟಕಿಯಿಂದ ಇಳಿದು ಬಂತು.

"ಚಿಂತೆ ಬೇಡ ಸ್ಯಾಮ್," ಎಂದನಂತೆ ವೆಂಡೆಲ್. "ಮುಂದಿನ ಚಂಡಮಾರುತವೂ ಒಳಗೆ ಬರಲಾರದು."

ಒಂದೊಂದೇ ಬಾಗಿಲು ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಿದ. ದಿನಾ ಬೆಳಿಗ್ಗೆ ಹೊಸ ಕಟ್ಟೆಯ ಮೇಲೆ ಲಿಂಗಪೂಜೆಗೆ ಕೂತರೆ, ಅವನು ಕಣ್ಣು ಬಿಡುವ ತನಕ ಮಿಷನರಿಗಳ ಒಂದು ಸುತ್ತಿಗೆಯೂ ಸದ್ದು ಮಾಡುತ್ತಿರಲಿಲ್ಲವಂತೆ. ಇದನ್ನು ಹೇಳುವಾಗ ಅವನ ದನಿ ತಗ್ಗುತ್ತಿತ್ತು. "ಇಡೀ ದ್ವೀಪ ಸುಮ್ಮನಾಗತಿತ್ತು, ನೀಲಾ. ಸಮುದ್ರನೂ." ಬಡಾಯಿ ಎಂದೇ ನೀಲಾಂಬಿಕಾ ತಿಳಿದಿದ್ದಳು.

*

ಫ್ಯೂನರಲ್ ಹೋಮಿನ ಬಾಗಿಲಲ್ಲಿ ಕತ್ತಲಾಯಿತು. ನೋಡಿದರೆ ವೆಂಡೆಲ್. ಮಿಷಿಗನ್ ಸರೋವರದ ನಡುವೆ ನಿಂತರೂ ಮೊಣಕಾಲಷ್ಟೇ ನೆನೆಯುವ ಆಳು. ಹಿಂದೆ ದ್ವೀಪದಲ್ಲಿ ಮನೆ ಕಟ್ಟಿದ ಅವನ ಚರ್ಚಿನ ತಂಡ, ಹೊರಗೆ ಹಲಗೆ ಹತಾರ ತುಂಬಿದ ಅವರ ವ್ಯಾನು. ಸುದ್ದಿ ಕೇಳಿ ನಡುರಾತ್ರಿಯೇ ಬೋಲಿಂಗ್‌ಬ್ರೂಕ್ ಬಿಟ್ಟು ಹಿಮದಲ್ಲಿ ಇನ್ನೂರೆಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದವರು. ರಾಚಯ್ಯ ಇನ್ನೂ ನೆಲದ ಮೇಲಿದ್ದ.

"ಇವರಿಗೇನಾಯಿತು?" ಎಂದ ವೆಂಡೆಲ್.

ನೀಲಾಂಬಿಕಾ ಪೆಟ್ಟಿಗೆಯ ವಿಷಯ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ಭಯವಾಯಿತು. ಇವರು ಪಾದ್ರಿಗಳು; ಇದನ್ನು ಮೂಢನಂಬಿಕೆ ಅಂದುಬಿಟ್ಟರೆ?

ವೆಂಡೆಲ್ ಕೇಳಿದ್ದು ಒಂದೇ: "ಗರಗಸ ಎಲ್ಲಿ ಇಟ್ಟುಕೊಳ್ಳಲಿ?"

ಫ್ಯೂನರಲ್ ಹೋಮಿನ ಗ್ಯಾರೇಜಿನಲ್ಲಿ ಮರದ ಪುಡಿ ಹಿಮದ ಜೊತೆ ಪೈಪೋಟಿಗೆ ಬಿದ್ದಿತು. ಮಧ್ಯಾಹ್ನದೊಳಗೆ ಪೈನ್ ಮರದ ಚೌಕ ಪೆಟ್ಟಿಗೆ ನಿಂತಿತು; ಒಂದು ಮಗ್ಗುಲಿಗೆ ಬಾಗಿಲು, ತಳದಲ್ಲಿ ಹೊರುವ ತೊಲೆಗಳು. ಪರೀಕ್ಷೆಗೆಂದು ವೆಂಡೆಲ್ ತಾನೇ ಒಳಗೆ ಚಕ್ಕಳಮಕ್ಕಳ ಕೂತ. ಕೂತವನು ಏಳಲಾರ. ಮೊಣಕಾಲು ಒಂದು ಮೂಲೆಗೆ, ಗಡ್ಡ ಇನ್ನೊಂದಕ್ಕೆ.

"ಅಲ್ರೀ ಫಾದರ್, ಅದು ನಿಮ್ಮದಲ್ಲ. ನಿಮ್ಮದಿನ್ನೂ ಟೈಮ್ ಐತಿ!" ಎಂದು ರಾಚಯ್ಯ ಕೈ ಹಿಡಿದು ಎಳೆದ. ಗ್ಯಾರೇಜಿನವರೆಲ್ಲ ನಕ್ಕರು. ಸಾವಿನ ಮನೆಯಲ್ಲಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನೀಲಾಂಬಿಕಾ ಕೂಡ.

ಸಂಗಮೇಶ ಕೂತ. ತಲೆಗೆ ಕೆಂಪು ರುಮಾಲು, ಹಣೆಗೆ ವಿಭೂತಿ, ಎಡ ಅಂಗೈಯಲ್ಲಿ ಲಿಂಗ. ಡೈರೆಕ್ಟರ್ ಬಾಗಿಲು ಮುಚ್ಚಲು ಹೋದ.

"ಬ್ಯಾಡ," ಎಂದಳು ನೀಲಾಂಬಿಕಾ. "ಗುಂಡಿ ಮಟ ತೆರೆದೇ ಇರಲಿ. ಅವರು ನೋಡ್ಕೋತ ಹೋಗಲಿ."

ಸಿಮೆಟರಿ ರಸ್ತೆಯ ಆಚೆ ಬದಿಯಲ್ಲೇ. ತೊಲೆಗೆ ರಾಚಯ್ಯನೂ ಕ್ಯಾಂಟನ್ನಿನ ಗೆಳೆಯರೂ ಹೆಗಲು ಕೊಟ್ಟರು, ಚರ್ಚಿನವರೂ ಕೊಟ್ಟರು. ವೆಂಡೆಲ್ ಮಾತ್ರ ಮೊಣಕಾಲು ಬಗ್ಗಿಸಿಯೇ ನಡೆಯಬೇಕಾಯಿತು; ನೆಟ್ಟಗೆ ನಿಂತರೆ ಪೆಟ್ಟಿಗೆ ವಾಲುತ್ತಿತ್ತು. ರಾಚಯ್ಯನ ಮಂತ್ರ ಅರ್ಧಕ್ಕೇ ತೀರಿತು. ತೀರಿದಲ್ಲಿಂದ ಚರ್ಚಿನವರು ಮೆಲ್ಲಗೆ ತಮ್ಮ ಹಾಡು ಎತ್ತಿಕೊಂಡರು.

ರಸ್ತೆಯ ಅತ್ತ ಇತ್ತ ಕಾರುಗಳು ನಿಂತವು. ಹಿಮ ಎತ್ತುವ ಕಿತ್ತಳೆ ಬಣ್ಣದ ದೊಡ್ಡ ಲಾರಿಯೊಂದು ಗುಡುಗುತ್ತ ಬಂದು ಗಕ್ಕನೆ ನಿಂತಿತು. ಅದರ ಎತ್ತರದ ಕ್ಯಾಬಿನ್ನಿನಲ್ಲಿ ಕೂತವನಿಗೂ ಹೆಗಲುಗಳ ಮೇಲೆ ಕೂತ ಸಂಗಮೇಶನಿಗೂ ಮುಖಕ್ಕೆ ಮುಖ ಸಮವಾಯಿತು. ಚಾಲಕ ಎಂಜಿನ್ ಆರಿಸಿದ. ಗಾಜು ಇಳಿಸಿದ. ಟೊಪ್ಪಿಗೆ ತೆಗೆದು ಎದೆಗೆ ಒತ್ತಿಕೊಂಡ. ಅವನ ಬೋಳುತಲೆಯ ಮೇಲೆ ಹಿಮ ಬೀಳುತ್ತಲೇ ಇತ್ತು, ಒರೆಸಿಕೊಳ್ಳಲಿಲ್ಲ.