ಅಜ್ಜಿ, ಔಷಧಿ ತಗೊಂಡ್ರಾ?

ನಮ್ಮ ಕಾಲೇಜು ರೇಡಿಯೋದ ಇತಿಹಾಸವನ್ನು ಎರಡು ಪುಟದಲ್ಲಿ ಬರೆದುಕೊಡು ಎಂದು ಪ್ರಿನ್ಸಿಪಾಲರು ಹೇಳಿದ್ದರು. ಬರೆದುಕೊಟ್ಟೆ. ಅದರಲ್ಲಿ ‘ಸೇವಾ ಮನೋಭಾವ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅಷ್ಟನ್ನೂ ಸೇರಿಸಿದವರು ಅವರೇ. ಬೆಳ್ಳಿಹಬ್ಬದ ಸಂಚಿಕೆಯಲ್ಲಿ ಅವರ ಫೋಟೋದ ಪಕ್ಕದಲ್ಲೇ ಅದು ಅಚ್ಚಾಗಿದೆ, ಬೇಕಾದವರು ಓದಿಕೊಳ್ಳಬಹುದು. ಇದು ಅಚ್ಚಾಗದೆ ಉಳಿದ ಭಾಗ.

ರೇಡಿಯೋ ಇರುವುದು ಲೈಬ್ರರಿಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ. ಮೊದಲು ಅಲ್ಲಿ ಆಟದ ಸಾಮಾನು ಇಡುತ್ತಿದ್ದರಂತೆ. ಈಗಲೂ ಬಾಗಿಲು ಮುಚ್ಚಿದರೆ ಹಳೆಯ ಫುಟ್‌ಬಾಲಿನ ವಾಸನೆ ಬರುತ್ತದೆ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ, ಹೊರಗಿನ ಸದ್ದನ್ನು ತಡೆದಿದ್ದೇವೆ ಎಂದು ನಂಬಿಕೊಂಡಿದ್ದೇವೆ. ಮೇಲೆ ಯಾರಾದರೂ ಚಪ್ಪಲಿ ಎಳೆದುಕೊಂಡು ಮೆಟ್ಟಿಲು ಹತ್ತಿದರೆ ಅದೂ ಸುದ್ದಿಯ ಜೊತೆಗೆ ಪ್ರಸಾರವಾಗುತ್ತದೆ. ಮೈಕಿನ ಸ್ಪಂಜು ಹರಿದುಹೋದ ಮೇಲೆ ಅದಕ್ಕೊಂದು ಕಾಲುಚೀಲ ತೊಡಿಸಿದ್ದೇವೆ. ಒಗೆದ ಕಾಲುಚೀಲ, ಅಷ್ಟರ ಮಟ್ಟಿಗೆ ನಮಗೂ ಮಾನ ಮರ್ಯಾದೆ ಇದೆ. ಗಾಜಿನಾಚೆ ಯಂತ್ರಗಳ ಮುಂದೆ ಕೂರುವವನು ಫ್ಯೂಸ್. ಅವನ ಕೈ ತಾಗಿದ್ದೆಲ್ಲ ಒಮ್ಮೆಯಾದರೂ ಸುಟ್ಟಿದೆ, ಅದಕ್ಕೇ ಆ ಹೆಸರು. ಸುಟ್ಟದ್ದನ್ನು ಸರಿಮಾಡುವವನೂ ಅವನೊಬ್ಬನೇ.

ನಮ್ಮ ಪ್ರಸಾರ ಸುತ್ತಲಿನ ನಾಲ್ಕಾರು ಬೀದಿ ದಾಟುವುದಿಲ್ಲ. ಸಂಜೆ ಏಳಕ್ಕೆ ಮುಕ್ತಾಯ. ಮುಗಿಸುವ ಮುನ್ನ ನಿರೂಪಕರು ಯಾರೇ ಆಗಿರಲಿ, ಒಂದು ಸಾಲು ಹೇಳಲೇಬೇಕು: “ಅಜ್ಜಿ, ಔಷಧಿ ತಗೊಂಡ್ರಾ?” ಅದನ್ನೂ ಮೂಗಿನಲ್ಲೇ ಹೇಳಬೇಕು. ಯಾಕೆ ಹೇಳಬೇಕು, ಯಾಕೆ ಮೂಗಿನಲ್ಲಿ, ಯಾರಿಗೂ ಗೊತ್ತಿಲ್ಲ. ಕಾಲೇಜಿನಲ್ಲಿ ಹುಡುಗರು ಮೂರು ವರ್ಷ ಇದ್ದು ಹೋಗುತ್ತಾರೆ. ಹಾಗಾಗಿ ಅದಕ್ಕಿಂತ ಹಳೆಯದೆಲ್ಲ ಅಲ್ಲಿ ಪುರಾಣವೇ. ಸೀನಿಯರ್ ಹೇಳಿದ, ನಾವು ಹೇಳಿದೆವು, ಜೂನಿಯರ್ ಹೇಳುತ್ತಾನೆ. ಈ ಕುರಿಮಂದೆ ಬುದ್ಧಿ ಕಂಡರೆ ನನಗೆ ಮೈಯೆಲ್ಲ ಉರಿ.

ನಾನು ರೇಡಿಯೋದ ಮುಖ್ಯಸ್ಥೆಯಾದ ವರ್ಷವೇ ಅಕೌಂಟ್ಸ್ ಮೇಷ್ಟ್ರ ಕಣ್ಣು ನಮ್ಮ ಕೋಣೆಯ ಮೇಲೆ ಬಿತ್ತು. ಅವರಿಗೆ ಹಳೆಯ ಉತ್ತರ ಪತ್ರಿಕೆಗಳ ಕಟ್ಟುಗಳನ್ನು ಇಡಲು ಜಾಗ ಬೇಕಿತ್ತಂತೆ. ಒಂದು ಸೋಮವಾರ ಬೆಳಿಗ್ಗೆ ಪ್ರಿನ್ಸಿಪಾಲರು ನನ್ನನ್ನು ಕರೆಸಿದರು.

“ಅಲ್ಲಮ್ಮ, ಕೇಳೋರೇ ಇಲ್ಲದ ರೇಡಿಯೋ ಯಾಕೆ? ಶುಕ್ರವಾರ ಸಂಜೆ ನಾನೂ ಮೇಷ್ಟ್ರೂ ಬರ್ತೀವಿ. ಹೊರಗೆ ಒಬ್ಬರಾದರೂ ಕೇಳ್ತಾರೆ ಅಂತ ತೋರಿಸು. ಇಲ್ಲಾಂದ್ರೆ ಮುಂದಿನ ಸೋಮವಾರ ಬೀಗದ ಕೈ ಮೇಷ್ಟ್ರಿಗೆ.”

ಮನೆಯಲ್ಲಿ, ತರಗತಿಯಲ್ಲಿ, ಎಲ್ಲೂ ನನ್ನ ಮಾತು ಪೂರ್ತಿ ಮುಗಿಯಲು ಯಾರೂ ಬಿಟ್ಟವರಲ್ಲ. ಆ ಕಾಲುಚೀಲವೊಂದೇ ನಡುವೆ ಬಾಯಿ ಹಾಕದೆ ಕೇಳುತ್ತಿತ್ತು. ಅದನ್ನು ಉತ್ತರ ಪತ್ರಿಕೆಗೆ ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ.

ರೇಡಿಯೋವನ್ನು ನೆಟ್ಟಗೆ ಮಾಡಿ ತೋರಿಸೋಣ ಎಂದು ಅವತ್ತೇ ಸೊಂಟ ಕಟ್ಟಿದೆ. ಹೊಸ ಸಂಗೀತ, ಚುರುಕು ಮಾತು. ಮೊದಲು ಕತ್ತರಿ ಬಿದ್ದದ್ದು ಅಜ್ಜಿಗೆ.

“ಬೇಡ ಕಣೇ,” ಎಂದ ಫ್ಯೂಸ್. “ಆ ಸಾಲು ಬಿಟ್ರೆ ಏನಾದ್ರೂ ಸುಡತ್ತೆ.”

“ಸುಡೋಕೆ ನೀನಿದ್ದೀಯಲ್ಲ,” ಎಂದು ಅಂದಿನ ಪ್ರಸಾರವನ್ನು ಬರಿಯ ‘ಶುಭಸಂಜೆ’ಯಲ್ಲಿ ಮುಗಿಸಿದೆ.

ನಮ್ಮ ಕೋಣೆಯಲ್ಲೊಂದು ಫೋನಿದೆ. ಅದು ಬಡಿದುಕೊಂಡದ್ದನ್ನು ನಾನು ಕೇಳಿಯೇ ಇರಲಿಲ್ಲ. ಸತ್ತಿದೆ ಎಂದೇ ಅದರ ಮೇಲೆ ಟವೆಲ್ ಒಣಗಹಾಕುತ್ತಿದ್ದೆವು. ಅವತ್ತು ಟವೆಲ್‌ನಡಿಯಿಂದ ಅದು ಕೂಗಿತು. ಆ ಕಡೆ ಎದುರು ಬೀದಿಯ ದರ್ಜಿ.

“ಏನ್ರೀ, ಇವತ್ತು ಅಜ್ಜಿ ಯಾಕೆ ಬರಲಿಲ್ಲ? ನಮ್ಮಮ್ಮ ಗುಳಿಗೆ ಕೈಯಲ್ಲಿ ಹಿಡ್ಕೊಂಡು ಕೂತಿದ್ದಾರೆ. ‘ಇನ್ನೂ ಕೇಳಲಿಲ್ಲ, ಕೇಳಲಿ, ಆಮೇಲೆ ನುಂಗ್ತೀನಿ’ ಅಂತಾರೆ. ನಾನು ಹೇಳಿದ್ರೆ ‘ನೀನ್ಯಾರೋ’ ಅಂತಾರೆ!”

ಅವರಮ್ಮನಿಗೆ ಫೋನ್ ಕೊಡಿಸಿ ಮೂಗಿನಲ್ಲಿ ಆ ಸಾಲು ಹೇಳಿದೆ. ನುಂಗಿದರು. ಫೋನ್ ಇಡುವಷ್ಟರಲ್ಲಿ ಇನ್ನೊಂದು ಕರೆ. ಅದಾದ ಮೇಲೆ ಇನ್ನೊಂದು. ಔಷಧಿ ಅಂಗಡಿಯವರು ಕೂಡ ಮಾಡಿದರು. ಏಳು ಗಂಟೆಯ ಗುಳಿಗೆಯ ಚೀಟಿಯ ಮೇಲೆ ಅವರು ‘ರೇಡಿಯೋ ಕೇಳಿದ ಕೂಡಲೇ’ ಎಂದು ಬರೆದುಕೊಡುತ್ತಾರಂತೆ. ನಾನೂ ಫ್ಯೂಸೂ ಮುಖ ಮುಖ ನೋಡಿಕೊಂಡೆವು. ಇಷ್ಟು ಕಾಲ ನಾವು ಯಾರೂ ಇಲ್ಲವೆಂದುಕೊಂಡು ಗಾಳಿಗೆ ಗುದ್ದುತ್ತಿದ್ದೆವು, ಆ ಗಾಳಿಯ ತುಂಬ ಅಜ್ಜಿಯರು.

“ನಾಳೆಯಿಂದ ಮತ್ತೆ ಹೇಳಿಬಿಡು,” ಎಂದ ಫ್ಯೂಸ್, ಬೆವರು ಒರೆಸಿಕೊಳ್ಳುತ್ತ.

“ಹುಚ್ಚಾ ನಿನಗೆ? ಹೇಳಿದ್ರೆ ಎಲ್ಲರೂ ಮನೇಲಿರ್ತಾರೆ. ಹೇಳದೇ ಇದ್ರೆ ಇಲ್ಲಿಗೆ ಬರ್ತಾರೆ.”

ಮಂಗಳವಾರ, ಬುಧವಾರ, ಗುರುವಾರವೂ ರೇಡಿಯೋದಲ್ಲಿ ಸಾಲು ಹೇಳಲಿಲ್ಲ. ಆದರೆ ಯಾರ ಗುಳಿಗೆಯೂ ತಪ್ಪದಂತೆ, ಫೋನ್ ಮಾಡಿದ ಒಬ್ಬೊಬ್ಬರಿಗೂ ಖುದ್ದಾಗಿ ಹೇಳಿದೆ; ಮೂಗು ಬತ್ತಿಹೋಯಿತು. ಕೊನೆಗೆ ದನಿ ತಗ್ಗಿಸಿ ಸೇರಿಸುತ್ತಿದ್ದೆ: “ನಮ್ಮ ಕೈಯಲ್ಲೇನಿದೆ ಅಜ್ಜಿ, ಕೋಣೆನೇ ಕಿತ್ಕೋತಿದ್ದಾರೆ. ಶುಕ್ರವಾರ ಸಂಜೆ ಪ್ರಿನ್ಸಿಪಾಲರು ಇಲ್ಲೇ ಇರ್ತಾರೆ. ನಾನು ಹೇಳಿದೆ ಅಂತ ಮಾತ್ರ ಹೇಳಬೇಡಿ.”

ಇಷ್ಟು ಜನ ಬಂದರೆ ‘ಆ ಅಜ್ಜಿ ಯಾರು’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರಕ್ಕೆ ನನಗಿದ್ದದ್ದು ಒಬ್ಬನೇ, ನನ್ನ ಸೋದರಮಾವ. ಆ ರೇಡಿಯೋ ಹುಟ್ಟಿಸಿದ್ದೇ ತಾನು ಎಂದು ಅವನು ಕೈಗೆ ಸಿಕ್ಕವರಿಗೆಲ್ಲ ಹೇಳುತ್ತಾನೆ. ಊರಿನ ನೀರಿನ ಟ್ಯಾಂಕ್ ಎಲ್ಲಿರಬೇಕೆಂದು ಹೇಳಿದವನೂ ತಾನೇ ಎನ್ನುತ್ತಾನೆ, ಆದ್ದರಿಂದ ಯಾರೂ ತಲೆಗೆ ಹಾಕಿಕೊಂಡಿಲ್ಲ. “ಅವನ ಮಾತಲ್ಲಿ ಅರ್ಧ ಕಳಿ, ಉಳಿದಿದ್ದರಲ್ಲಿ ಮತ್ತೆ ಅರ್ಧ ಕಳಿ,” ಎಂದು ಅಮ್ಮ ತನ್ನ ತಮ್ಮನ ಲೆಕ್ಕ ಮುಗಿಸಿಬಿಟ್ಟಿದ್ದಾಳೆ.

ಮಾವ ನಡೆಸುವುದು ಡ್ರೈವಿಂಗ್ ಸ್ಕೂಲು. ಗುರುವಾರ ಅವನ ಕಾರಿನಲ್ಲಿ ನನಗೆ ಪಾಠವಿತ್ತು. ಆ ಕಾರಿನಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಬ್ರೇಕ್ ಇದೆ.

“ಮಾಮ, ರೇಡಿಯೋದಲ್ಲಿ ಬರೋ ಅಜ್ಜಿ ಯಾರು?”

ಕಾರು ಗಕ್ಕನೆ ನಿಂತಿತು. ಬ್ರೇಕ್ ಒತ್ತಿದ್ದು ನಾನಲ್ಲ.

“ಮುಂದೆ ನೋಡಿ ಓಡ್ಸೇ.”

“ನೋಡ್ತಿದ್ದೀನಿ. ಅಜ್ಜಿ ಯಾರು?”

ಮತ್ತೆ ಗಕ್ಕ್. ಹಿಂದಿನ ಗಾಡಿಯವನು ಹಾರ್ನ್ ಹೊಡೆದು ಏನೋ ಬೈದ. ಹೀಗೆ ಕುಪ್ಪಳಿಸುತ್ತ ಒಂದು ಬೀದಿ ದಾಟುವಷ್ಟರಲ್ಲಿ ಮಾವ ಸೋತ.

“ಯಾರೂ ಇಲ್ಲ ಕಣೇ. ಆಗಿನ ಪ್ರಿನ್ಸಿಪಾಲರದ್ದು ಮೂಗಿನ ದನಿ. ದಿನಾ ಕೊನೇಲಿ ನಾನು ಅವರ ಹಾಗೆ ಮಾತಾಡಿ ಹುಡುಗರನ್ನ ನಗಿಸ್ತಿದ್ದೆ. ಒಂದು ದಿನ ಹಾಗೇ ಶುರು ಮಾಡಿ ತಲೆ ಎತ್ತಿದ್ರೆ, ಗಾಜಿನಾಚೆ ಅವರೇ ನಿಂತಿದ್ದಾರೆ! ದನಿ ಬದಲಾಯಿಸೋಕೂ ಟೈಮಿಲ್ಲ. ಅದೇ ಮೂಗಲ್ಲಿ, ‘ಅಜ್ಜಿ, ಔಷಧಿ ತಗೊಂಡ್ರಾ?’ ಅಂದ್ಬಿಟ್ಟೆ. ಅವರು ಒಳಗೆ ಬಂದು, ‘ನಿಮ್ಮಜ್ಜಿಗೆ ಹುಷಾರಿಲ್ವೇನಪ್ಪ, ಪಾಪ, ಅಳ್ತಿದ್ದೀಯಾ?’ ಅಂದ್ರು. ಹೂಂ ಅಂದೆ. ಮರುದಿನ ಇಡೀ ಕಾಲೇಜಿನೆದುರು ನನ್ನನ್ನ ಹೊಗಳಿದ್ರು. ಆಮೇಲೆ ಬಿಡೋಕಾಗತ್ತಾ? ಕಾಲೇಜು ಬಿಡೋವರೆಗೂ ದಿನಾ ಹೇಳಿದೆ.”

ಜೀವಮಾನದಲ್ಲಿ ಮೊದಲ ಸಲ ಮಾವ ನಿಜ ಹೇಳಿದ್ದ. ಮೂಗೇ ಅದಕ್ಕೆ ಸಾಕ್ಷಿ.

“ಶುಕ್ರವಾರ ಬಾ, ಸ್ಥಾಪಕರು ಅಂತ ಕೂರಿಸ್ತೀನಿ. ಆದ್ರೆ ಬಾಯಿ ಬಿಚ್ಚಬೇಡ.”

“ನಾನ್ಯಾಕೆ ಬಿಚ್ಚಲಿ?” ಎಂದ ಮಾವ. ಆಗಲೇ ನನಗೆ ಹೆದರಿಕೆಯಾಯಿತು.

ಶುಕ್ರವಾರ ಸಂಜೆ ನಾನು ಹತ್ತಾರು ಜನರನ್ನು ನಿರೀಕ್ಷಿಸಿದ್ದೆ. ಲೈಬ್ರರಿಯ ಮೆಟ್ಟಿಲು ಕೆಳಗಿನಿಂದ ಮೇಲಿನವರೆಗೆ ಅಜ್ಜಿಯರಿಂದ ತುಂಬಿತ್ತು, ನಡುನಡುವೆ ನಾಲ್ಕಾರು ಅಜ್ಜಂದಿರು. ಕೈಚೀಲ, ಊರುಗೋಲು, ಗುಳಿಗೆ ಡಬ್ಬಿ. ಲೈಬ್ರರಿಯಿಂದ ಇಳಿಯಲಾರದೆ ಹುಡುಗರು ಮೇಲೆಯೇ ಸಿಕ್ಕಿಕೊಂಡಿದ್ದರು. ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ, ನಮ್ಮ ಬಾಗಿಲಿಗೆ ಅಡ್ಡವಾಗಿ, ಶಾಲೆಯಿಂದ ನಿವೃತ್ತರಾದ ಹೊಲಿಗೆ ಟೀಚರ್ ಕೂತಿದ್ದರು. ಈ ಊರಿನ ಅರ್ಧ ಜನಕ್ಕೆ ಗುಂಡಿ ಹಾಕುವುದನ್ನು ಕಲಿಸಿದವರು ಅವರೇ.

ಪ್ರಿನ್ಸಿಪಾಲರು ಬಂದು ಕಣ್ಣು ಕಣ್ಣು ಬಿಟ್ಟರು. ಅಕೌಂಟ್ಸ್ ಮೇಷ್ಟ್ರು ಇಂಗು ತಿಂದ ಮಂಗನ ಹಾಗೆ ನಿಂತರು.

“ನೀವೇನಾ ಅಜ್ಜೀನ ನಿಲ್ಲಿಸಿದ್ದು?” ಎಂದು ಟೀಚರ್ ಮೇಷ್ಟ್ರನ್ನೇ ಹಿಡಿದರು. “ಮುದುಕರ ಗುಳಿಗೆ ಮೇಲೆ ನಿಮಗ್ಯಾಕೆ ಕಣ್ಣು?”

ಪ್ರಿನ್ಸಿಪಾಲರು ಕರಗಿಹೋದರು. ಎಂಥ ಸೇವೆ, ಎಂಥ ಸೇವೆ ಎಂದು ನಾಲ್ಕು ಸಲ ಹೇಳಿದರು. ಕೋಣೆ ಉಳಿಯಿತು ಎಂದು ನಾನು ಗಾಜಿನಾಚೆಯ ಫ್ಯೂಸ್‌ಗೆ ಕಣ್ಣು ಹೊಡೆಯುವಷ್ಟರಲ್ಲಿ ಆ ಪ್ರಶ್ನೆ ಬಂತು. “ಅಂದಹಾಗೆ, ಆ ಪುಣ್ಯಾತ್ಮ ಅಜ್ಜಿ ಯಾರಮ್ಮ? ಸಂಚಿಕೆಯಲ್ಲಿ ಹಾಕೋಣ.”

ನಾನು ಬಾಯಿ ತೆರೆಯುವ ಮೊದಲೇ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಸ್ಥಾಪಕರಾಗಿ ಕೂತಿದ್ದ ಮಾವ ಎದ್ದುನಿಂತಿದ್ದ. ಕರ್ಚೀಫು ಬೇರೆ ತೆಗೆದಿದ್ದ.

“ನಮ್ಮಜ್ಜಿ ಸಾರ್. ನನ್ನನ್ನ ಎತ್ತಿ ಆಡಿಸಿದವರು. ನಾನು ಮೈಕ್ ಮುಂದೆ ಕೂತಿದ್ರೆ ಅವರು ಹಾಸಿಗೆಯಲ್ಲಿ ರೇಡಿಯೋ ತಬ್ಕೊಂಡು ಮಲಗಿರ್ತಿದ್ರು. ನನ್ನ ದನಿ ಕೇಳಿದ್ರೇನೇ ಔಷಧಿ ಇಳೀತಿತ್ತು. ಕೊನೇ ದಿನ ಕೂಡ…”

“ಲೋ,” ಎಂದರು ಹೊಲಿಗೆ ಟೀಚರ್.

ಮಾವನ ಕರ್ಚೀಫು ಗಾಳಿಯಲ್ಲೇ ನಿಂತಿತು.

“ನಿನ್ನ ಇಬ್ಬರು ಅಜ್ಜಿಯರೂ ನೀನು ಶಾಲೆ ಸೇರೋಕೆ ಮುಂಚೆನೇ ಹೋದ್ರಲ್ಲೋ. ಪಕ್ಕದ ಮನೇಲಿದ್ದೋಳು ನಾನು. ಆಗ ನಿನಗೆ ಚಡ್ಡಿ ಗುಂಡಿ ಹಾಕ್ಕೊಳ್ಳೋಕೂ ಬರ್ತಿರಲಿಲ್ಲ. ಯಾರ ಮುಂದೆ ರೈಲು ಬಿಡ್ತಿದ್ದೀಯ?”

ಅಕೌಂಟ್ಸ್ ಮೇಷ್ಟ್ರಿಗೆ ಜೀವ ಬಂತು. “ನೋಡಿದ್ರಾ ಸಾರ್? ಅಜ್ಜಿನೇ ಇಲ್ಲ! ಇಷ್ಟು ವರ್ಷ ಇವರಿಗೆಲ್ಲ ಟೋಪಿ ಹಾಕಿದ್ದಾರೆ. ಇಂಥ ಸುಳ್ಳಿಗೆ ಒಂದು ಕೋಣೆ ಬೇರೆ!”

ಪ್ರಿನ್ಸಿಪಾಲರ ಮುಖ ಗಂಟಿಕ್ಕಿತು. ಗಡಿಯಾರದಲ್ಲಿ ಏಳಕ್ಕೆ ಇನ್ನು ಸ್ವಲ್ಪವೇ ಹೊತ್ತು. ಮಾವನನ್ನು ಅಲ್ಲೇ ಕಾಲುಚೀಲದಿಂದ ಬಿಗಿದು ಕೊಲ್ಲಬೇಕೆನಿಸಿತು. ಕೈಗೆ ಬಂದದ್ದು ಹೋಯಿತು, ಇನ್ನು ಈ ಮೈಕಿನ ಮುಂದೆ ನಾನು ಕೂರುವುದಿಲ್ಲ ಎಂದುಕೊಂಡೆ. ಕಣ್ಣು ತುಂಬಿತು.

“ಯಾವ ಟೋಪಿ ಮೇಷ್ಟ್ರೇ?” ಎಂದರು ಟೀಚರ್, ಕೂತಲ್ಲಿಂದಲೇ. “ಇವನು ಮೊದಲ ದಿನ ಹೇಳಿದಾಗಲೇ ಸುಳ್ಳು ಅಂತ ನನಗೆ ಗೊತ್ತು. ನಮ್ಮ ಮನೇಲಿ ಜನ ತುಂಬಿದ್ದಾರೆ. ಎಲ್ಲರೂ ಒಳ್ಳೆಯವರೇ, ಯಾರ ಮೇಲೂ ನಂದೇನೂ ದೂರಿಲ್ಲ. ಕತ್ತರಿ ಎಲ್ಲಿ ಅಂತ ಕೇಳ್ತಾರೆ, ಕೊಡೆ ಎಲ್ಲಿ ಅಂತ ಕೇಳ್ತಾರೆ. ಔಷಧಿ ತಗೊಂಡ್ರಾ ಅಂತ ಕೇಳೋದು ಇದೊಂದೇ. ಯಾವ ಅಜ್ಜೀನ ಕೇಳಿದ್ರೆ ನನಗೇನು? ನನ್ನ ಕಿವಿಗೆ ಬಿತ್ತಲ್ಲ, ಸಾಕು.”

ಪ್ರಿನ್ಸಿಪಾಲರು ಗಡಿಯಾರ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. “ಏಳಾಗ್ತಾ ಬಂತಲ್ಲಮ್ಮ. ಹೋಗಿ ಕೂತ್ಕೋ.”

ಕೂತೆ. ಕೆಂಪು ದೀಪ ಹತ್ತಿತು. “ಅಜ್ಜಿ, ಔಷಧಿ ತಗೊಂಡ್ರಾ?” ಎಂದೆ. ಮೂಗಿನಲ್ಲಿ ಹೇಳಲು ಪ್ರಯತ್ನಪಡಬೇಕಾಗಲಿಲ್ಲ, ಮೂಗು ಆಗಲೇ ಕಟ್ಟಿತ್ತು.

ಮೇಲಿನ ಮೆಟ್ಟಿಲುಗಳಿಂದ ಉತ್ತರಗಳು ಬಂದವು. “ತಗೊಂಡೆ ಕಣಮ್ಮ.” “ಊಟ ಆದ್ಮೇಲೆ.” “ನೀರು ತಾರೋ ಯಾರಾದ್ರೂ.” “ನಂದು ಡಬ್ಬಿ ಮುಚ್ಚಳ ಬರ್ತಿಲ್ಲ.” ಮೊಟ್ಟೆ ಟ್ರೇಗಳು ಎಂದಿನಂತೆ ಏನನ್ನೂ ತಡೆಯಲಿಲ್ಲ; ಅಷ್ಟೂ ಪ್ರಸಾರವಾಯಿತು.

ಉತ್ತರ ಪತ್ರಿಕೆಗಳು ಈಗ ಮೇಷ್ಟ್ರ ಕೋಣೆಯಲ್ಲೇ, ಅವರ ಕುರ್ಚಿಯ ಸುತ್ತಲೇ ಇವೆ. ಮಾವ ಇಡೀ ಪ್ರಕರಣವನ್ನು ಪ್ಲಾನ್ ಮಾಡಿದ್ದು ತಾನೇ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ.

ಅವತ್ತು ಎಲ್ಲರೂ ಇಳಿದುಹೋದ ಮೇಲೆ ಹೊಲಿಗೆ ಟೀಚರ್ ಒಬ್ಬರೇ ಉಳಿದಿದ್ದರು. ಅವರ ಕೈ ಹಿಡಿದು ಗೇಟಿನವರೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಅವರು ಚೀಲದಿಂದ ಪುಟ್ಟ ಡಬ್ಬಿ ತೆಗೆದು ಒಂದು ಬಿಳಿ ಗುಳಿಗೆ ಬಾಯಿಗೆ ಹಾಕಿಕೊಂಡರು. ಘಮ್ಮೆಂದಿತು.

“ಟೀಚರ್, ಇದು ಪೆಪ್ಪರ್‌ಮಿಂಟ್ ಅಲ್ವಾ?”

“ಮತ್ತೇನು? ನನಗ್ಯಾವ ರೋಗ? ಗುಂಡುಕಲ್ಲಿನ ಹಾಗಿದ್ದೀನಿ.” ಅತ್ತಿತ್ತ ನೋಡಿ ದನಿ ತಗ್ಗಿಸಿದರು. “ಅಷ್ಟು ಅಕ್ಕರೆಯಿಂದ ದಿನಾ ಕೇಳ್ತೀರ. ಏನೂ ತಗೊಳ್ಳದೆ ‘ತಗೊಂಡೆ’ ಅಂದ್ರೆ ಸುಳ್ಳಾಗತ್ತಲ್ಲ.”

ಡಬ್ಬಿಯನ್ನು ನನ್ನ ಮುಂದೆ ಹಿಡಿದರು. “ನೀನೂ ಒಂದು ತಗೋ. ನಾಲ್ಕು ದಿನದಿಂದ ಫೋನಿನಲ್ಲಿ ಕಿರುಚಿ ಗಂಟಲು ಕೆಡಿಸ್ಕೊಂಡಿದ್ದೀಯ.”