ಮುಟ್ಟಬಾರದ ಕೋಲು

ಆಸ್ಪತ್ರೆಯಿಂದ ಮನೆಗೆ ಬಂದಂದಿನಿಂದ ಅಪ್ಪನ ಕೈಯಲ್ಲಿದ್ದುದನ್ನೆಲ್ಲ ಎಲ್ಲರೂ ಕಿತ್ತುಕೊಳ್ಳತೊಡಗಿದ್ದರು. ಬಚ್ಚಲಿನ ಬಕೆಟ್ಟಿಗೆ ಕೈ ಹಾಕಿದರೆ ಸಾಕು, ಅಮ್ಮ ಒದ್ದೆ ಕಾಲಲ್ಲೇ ಓಡಿ ಬರುತ್ತಿದ್ದಳು. ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿದರೆ ಎದುರುಮನೆಯ ಶಾಲೆ ಹುಡುಗಿ ಕೂಡ "ಕೊಡಿ ಅಂಕಲ್" ಎಂದು ಅಡ್ಡ ನಿಲ್ಲುತ್ತಿದ್ದಳು. ಲಾರಿಯ ಟೈರನ್ನು ಒಬ್ಬರೇ ಎತ್ತಿ ಕೂರಿಸುತ್ತಿದ್ದ ಮನುಷ್ಯ ಅವರು, ಪರಿಚಯದವರಿಗೆಲ್ಲ 'ಮೇಸ್ತ್ರಿ'. ಈಗ ಅವರದೇ ಗ್ಯಾರೇಜಿನಲ್ಲಿ ಕೆಲಸದವರು ಕುರ್ಚಿ ಹಾಕಿ ಕೂರಿಸಿ, ಸ್ಪ್ಯಾನರ್ ಮುಟ್ಟಲೂ ಬಿಡುತ್ತಿರಲಿಲ್ಲ. ಅಪ್ಪ ಜಗಳವಾಡುತ್ತಿರಲಿಲ್ಲ. ಖಾಲಿಯಾದ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಅದನ್ನು ಕಂಡವಳು ಮಗಳೊಬ್ಬಳೇ. ದನಿ ಸಣ್ಣದೆಂದು ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು.

ಹಳೆಯ ಲಾರಿಗಳನ್ನು ಕೊಡಿಸಿ ಮಾರಿಸುವ ದಲ್ಲಾಳಿ ಮಾಮ ಅಪ್ಪನ ಬಾಲ್ಯದ ಗೆಳೆಯರು. ಹೋದ ವರ್ಷ ಬಾಡಿಗೆ ಬೋಟಿನಲ್ಲಿ ಆಳ ಸಮುದ್ರಕ್ಕೆ ಹೋಗಿ ತಮ್ಮಷ್ಟೇ ಉದ್ದದ ಈಟಿ ಮೀನು ಹಿಡಿದು ಬಂದಿದ್ದರು. ಆಮೇಲೆ ಅವರ ಬಾಯಲ್ಲಿ ಬೇರೆ ಮಾತೇ ಇಲ್ಲ.

"ಒಂದೇ ನಿಯಮ ಕಣಯ್ಯ," ಎಂದರು ಒಂದು ಸಂಜೆ ಸೋಫಾದಲ್ಲಿ ಕಾಲು ಮಡಚಿ ಕೂತು. "ಮೀನು ಕಚ್ಚಿದ ಮೇಲೆ ಆ ಗಾಳದ ಕೋಲು ನಿಂದು. ಬೇರೆ ಯಾರೂ ಮುಟ್ಟೋ ಹಾಗಿಲ್ಲ. ಒಂದು ಬೆರಳು ತಾಗಿದ್ರೂ ಮುಗೀತು, ಆ ಮೀನು ನಿಂದಲ್ಲ."

"ಯಾರೂ ಮುಟ್ಟೋ ಹಾಗಿಲ್ವಾ?" ಎಂದು ಕೇಳಿದರು ಅಪ್ಪ.

"ದೇವರೇ ಇಳಿದು ಬಂದ್ರೂ ಕೈ ಕಟ್ಕೊಂಡು ನಿಂತ್ಕೋಬೇಕು."

ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಗುಬ್ಬಿ ತಲೆಯೆತ್ತಿ ನೋಡಿದಾಗ ಅಪ್ಪನ ಮುಖದಲ್ಲಿ ಬಹಳ ದಿನದಿಂದ ಕಾಣದ ಒಂದು ಕಳೆ ಇತ್ತು. ಅವಳಿಗೆ ಸಂತೋಷವಾಗಬೇಕಿತ್ತು, ಆದರೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅಡುಗೆಮನೆಯ ಬಾಗಿಲಿನತ್ತ ನೋಡಿದಳು.

ಅಪ್ಪನೂ ಸಮುದ್ರಕ್ಕೆ ಹೊರಟರು, ಅಮ್ಮನಿಗೆ ಹೇಳಿದ್ದು ಬೇರೆ. ಗಾಳ ಹಿಡಿಯುವುದು ದಲ್ಲಾಳಿ, ತಾನು ಸುಮ್ಮನೆ ಗಾಳಿ ಕುಡಿದು ಬರುವುದು. ಅಮ್ಮ ಅರೆಮನಸ್ಸಿನಿಂದ ಒಪ್ಪಿ, ಜೊತೆಗೆ ಗುಬ್ಬಿಯನ್ನು ಅಂಟಿಸಿ, ಮಾತ್ರೆಯ ಡಬ್ಬಿಯನ್ನು ಅವಳ ಸೊಂಟದ ಚೀಲಕ್ಕೆ ತಾನೇ ಹಾಕಿ ಜಿಪ್ ಎಳೆದಳು. "ಎದೆ ಹಿಡ್ಕೊಂಡ್ರೆ ನಾಲಿಗೆ ಕೆಳಗೆ ಒಂದು. ಕಣ್ಣು ತೆಗೀಬೇಡ ಅವರ ಮೇಲಿಂದ."

ಬೆಳಗಿನ ಜೆಟ್ಟಿಯಲ್ಲಿ ಡೀಸೆಲ್ ವಾಸನೆಯೂ ಹಳೆಯ ಮೀನಿನ ವಾಸನೆಯೂ ಕಲಸಿಕೊಂಡಿದ್ದವು. ಬೋಟು ಬಿಳಿಯದು, ಹಿಂಭಾಗ ತಗ್ಗು. ಆ ತಗ್ಗಿನ ನಡುವೆ ನೆಲಕ್ಕೆ ಬೋಲ್ಟು ಹಾಕಿ ಕೂರಿಸಿದ ಒಂದು ದಪ್ಪ ಕುರ್ಚಿ, ಕಾಲು ಒತ್ತಿಕೊಳ್ಳಲು ಮುಂದೊಂದು ಹಲಗೆ. ಹಲ್ಲಿನ ಡಾಕ್ಟರರ ಕುರ್ಚಿಯಂತೆ ಇದೆ ಎಂದುಕೊಂಡಳು ಗುಬ್ಬಿ. ಅಪ್ಪ ಅವಳನ್ನು ಪಕ್ಕಕ್ಕೆ ಕರೆದರು.

"ಆಸ್ಪತ್ರೆ ವಿಷಯ ಇಲ್ಲಿ ಎತ್ತಬೇಡ. ಗೊತ್ತಾದ್ರೆ ಹತ್ತಿಸಲ್ಲ."

"ಕೋಲು ಹಿಡಿಯೋದು ಮಾಮ ಅಂದಿದ್ರಲ್ಲ ಅಪ್ಪ?"

"ಹ್ಞೂಂ, ಅವನೇ." ಅಪ್ಪ ನೀರು ನೋಡುತ್ತ ಅಂದರು.

ಹತ್ತಿಸಿಕೊಳ್ಳುವಾಗ ಕ್ಯಾಪ್ಟನ್ ಕೇಳಿಯೇ ಕೇಳಿದ. ತೆಳ್ಳಗಿನ, ಬಿಸಿಲಿಗೆ ಕಂದಿದ ಮನುಷ್ಯ. "ಬಿಪಿ, ಶುಗರ್ರು, ಹಾರ್ಟು, ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡಿ. ಆಚೆ ಹೋದ್ಮೇಲೆ ದಡ ಕರೆದ್ರೆ ಬರಲ್ಲ."

"ನಮಗಿರೋ ಕಾಯಿಲೆ ಹೆಂಡ್ತಿ ಒಬ್ಳೇ. ಅವಳನ್ನ ಮನೇಲಿ ಬಿಟ್ಟು ಬಂದಿದೀವಿ," ಎಂದರು ದಲ್ಲಾಳಿ ಮಾಮ. ಎಲ್ಲರೂ ನಕ್ಕರು, ಅಪ್ಪ ಎಲ್ಲರಿಗಿಂತ ಜೋರಾಗಿ. ಗುಬ್ಬಿಯ ಬಾಯಿಗೆ ಬಂದ ಮಾತಿಗೆ ಆ ನಗುವಿನೊಳಗೆ ಜಾಗ ಸಿಗಲಿಲ್ಲ.

ಬೋಟಿನಲ್ಲಿ ಇನ್ನೊಬ್ಬಳಿದ್ದಳು: ಕ್ಯಾಪ್ಟನ್ನನ ಅಕ್ಕ. ಗಾಳ ಕಟ್ಟುವುದು, ದಾರ ಬಿಡುವುದು, ಮೀನು ಹತ್ತಿರ ಬಂದಾಗ ಎಳೆದುಕೊಳ್ಳುವುದು ಎಲ್ಲ ಅವಳ ಕೆಲಸ. ಅವಳನ್ನು ದೊಡ್ಡಕ್ಕ ಎಂದೇ ಎಲ್ಲರೂ ಕರೆಯುತ್ತಿದ್ದರು. ಅವಳ ಅಂಗೈ ತುಂಬ ದಾರ ಕೊಯ್ದ ಹಳೆಯ ಗೀರುಗಳು.

ದಡ ಒಂದು ಕಂದು ಗೆರೆಯಾಯಿತು, ಆಮೇಲೆ ಅದೂ ಇಲ್ಲವಾಯಿತು. ದೊಡ್ಡಕ್ಕ ಬಣ್ಣಬಣ್ಣದ ಪ್ಲಾಸ್ಟಿಕ್ ಮೀನುಗಳನ್ನು ದಾರಕ್ಕೆ ಕಟ್ಟಿ ಬೋಟಿನ ಹಿಂದೆ ಬಿಟ್ಟಳು. ಅವು ನೊರೆಯಲ್ಲಿ ಕುಣಿಯುತ್ತ ಹಿಂಬಾಲಿಸಿದವು. ಸಮುದ್ರ ಎಣ್ಣೆ ಸವರಿದಂತೆ ನುಣ್ಣಗಿತ್ತು. ಅಲೆ ಒಡೆಯುತ್ತಿರಲಿಲ್ಲ, ನಿದ್ದೆ ಹೋದವರ ಎದೆಯಂತೆ ಸುಮ್ಮನೆ ಏರಿ ಇಳಿಯುತ್ತಿತ್ತು.

"ಹಕ್ಕಿ ಇರೋ ಕಡೆನೇ ಮೀನು, ಒಂದೂ ಇಲ್ವಲ್ಲೋ," ಎಂದು ದೊಡ್ಡಕ್ಕ ಮೇಲೆ ಚುಕ್ಕಾಣಿಯ ಹತ್ತಿರವಿದ್ದ ತಮ್ಮನಿಗೆ ಕೂಗಿದಳು.

"ಹಕ್ಕಿ ಹಿಡಿಯೋಕೆ ಬಂದಿದೀವಾ ನಾವು?" ಎಂದರು ದಲ್ಲಾಳಿ ಮಾಮ. ಈ ಸಲ ದೊಡ್ಡಕ್ಕ ನಗಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ಒಂದು ಕೋಲಿನ ದಾರ ಸುತ್ತುವ ರೀಲು ಕಿರುಚಿತು. ಗರಗಸ ತಗಡಿಗೆ ಸಿಕ್ಕಂಥ ಸದ್ದು. ದೂರದಲ್ಲಿ ನೀರು ಬಾಯಿ ತೆರೆದಂತಾಗಿ, ಕಪ್ಪು ನೀಲಿಯ ದೇಹವೊಂದು ಪೂರ್ತಿ ಮೇಲೆದ್ದು, ಮೂತಿಯ ಈಟಿಯನ್ನು ಒದರಿ, ಅಡ್ಡಡ್ಡ ಬಿದ್ದು ಮುಳುಗಿತು. ಬಿದ್ದ ಸದ್ದು ತಡವಾಗಿ ಬಂದು ತಲುಪಿತು.

"ಅಯ್ಯಪ್ಪಾ! ನಂದು ಇದರ ಮರಿ ಕಣಯ್ಯ!" ಎಂದರು ದಲ್ಲಾಳಿ ಮಾಮ.

ಗುಬ್ಬಿ ತಿರುಗುವಷ್ಟರಲ್ಲಿ ಅಪ್ಪ ಕುರ್ಚಿಯಲ್ಲಿದ್ದರು. ಯಾರೂ ಕರೆದಿರಲಿಲ್ಲ, ಯಾರೂ ತಡೆಯಲೂ ಇಲ್ಲ. ದೊಡ್ಡಕ್ಕ ಕೋಲನ್ನು ಅವರ ತೊಡೆಗಳ ನಡುವಿನ ಲೋಹದ ಕುಳಿಗೆ ಕೂರಿಸಿ, ಸೊಂಟದ ಹಿಂದಿನಿಂದ ಅಗಲದ ಬೆಲ್ಟು ತಂದು ರೀಲಿಗೆ ಎರಡೂ ಕಡೆ ಕೊಂಡಿ ಹಾಕಿದಳು.

"ಈಗ ನೀವು ಬೇರೆ, ಕೋಲು ಬೇರೆ ಅಲ್ಲ ಯಜಮಾನ್ರೇ. ಸಾಕು ಅನ್ಸಿದ್ರೆ ಬಾಯ್ಬಿಟ್ಟು 'ಸಾಕು' ಅನ್ನಿ, ದಾರ ಕತ್ತರಿಸ್ತೀನಿ. ಅಲ್ಲಿ ತನಕ ನಾನು ಕುರ್ಚಿ ತಿರುಗಿಸ್ತೀನಿ ಅಷ್ಟೇ, ಕೋಲು ಮುಟ್ಟಲ್ಲ."

"ಯಾರೂ ಮುಟ್ಟಬಾರದು," ಎಂದರು ಅಪ್ಪ.

ಮೊದಮೊದಲು ಅದು ನೋಡಲು ಚೆನ್ನಾಗಿಯೇ ಇತ್ತು. ಅಪ್ಪ ಹಲಗೆಗೆ ಕಾಲು ಒತ್ತಿ, ಹಿಂದಕ್ಕೆ ವಾಲಿ ಕೋಲನ್ನು ಎತ್ತುತ್ತಿದ್ದರು. ಮುಂದಕ್ಕೆ ಬಾಗುತ್ತ ಬಲಗೈಯಿಂದ ಹಿಡಿಕೆ ತಿರುಗಿಸಿ ದಾರ ಸುತ್ತುತ್ತಿದ್ದರು. ಹಿಂದೆ, ಮುಂದೆ. ಹಿಂದೆ, ಮುಂದೆ. ಟೈರು ಎತ್ತುತ್ತಿದ್ದ ಅದೇ ಭುಜ. ದಲ್ಲಾಳಿ ಮಾಮ ಅವರ ಹಿಂದೆ, ಮೇಲಿನ ಮೆಟ್ಟಿಲಲ್ಲಿ ನಿಂತು ಮೊಬೈಲಿನಲ್ಲಿ ವಿಡಿಯೊ ಮಾಡುತ್ತ ಕ್ರಿಕೆಟ್ ಕಾಮೆಂಟರಿಯಂತೆ ಅರಚುತ್ತಿದ್ದರು. ಸುತ್ತಿದ ದಾರವನ್ನೆಲ್ಲ ಮೀನು ಒಂದೇ ಓಟಕ್ಕೆ ಮತ್ತೆ ಎಳೆದುಕೊಂಡು ಹೋಗುತ್ತಿತ್ತು. ಅಪ್ಪ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು.

ಕ್ರಮೇಣ ಅಪ್ಪನ ಕುತ್ತಿಗೆಯ ಕೆಂಪು ಇಳಿಯಿತು. ಇಳಿದದ್ದು ಸಹಜ ಬಣ್ಣಕ್ಕೆ ನಿಲ್ಲದೆ ಹಿಟ್ಟಿನ ಬಣ್ಣದತ್ತ ಹೋಗುತ್ತಿತ್ತು. ಗುಬ್ಬಿ ನೀರಿನ ಬಾಟಲಿ ಹಿಡಿದು ಹತ್ತಿರ ಹೋದಳು.

"ಅಪ್ಪಾ, ಸಾಕು ಅನ್ನಿ."

"ಆ ಕಡೆ ಹೋಗು."

"ಅಮ್ಮ ಏನಂದಿದ್ಲು—"

"ಗುಬ್ಬಿ." ಅಪ್ಪ ತಿರುಗದೆಯೇ ಅಂದರು. ದನಿ ಬೈಗುಳದ್ದಲ್ಲ, ಬೇಡಿಕೊಳ್ಳುವಂಥದ್ದು. "ಇದೊಂದು ನನ್ನ ಕೈಯಲ್ಲಿ ಇರ್ಲಿ ಕಣೇ."

ಅವಳು ಹಿಂದೆ ಸರಿದಳು. ನಾಲ್ಕು ಹೆಜ್ಜೆಯ ಆ ಜಾಗದಲ್ಲಿ ಅತ್ತಿತ್ತ ಸುಳಿದಾಡಿದಳು. ಕೊನೆಗೆ ಜೀವ ಕೈಯಲ್ಲಿ ಹಿಡಿದು ದೊಡ್ಡಕ್ಕನ ಕಿವಿಯ ಹತ್ತಿರ ಬಾಯಿಟ್ಟು ಹೇಳಿಬಿಟ್ಟಳು, ಎದೆಗೆ ಸ್ಟೆಂಟ್ ಹಾಕಿದೆ, ಭಾರ ಎತ್ತಬಾರದು ಎಂದು.

ದೊಡ್ಡಕ್ಕನ ಮುಖ ಬಿಗಿದುಕೊಂಡಿತು. "ಹತ್ತೋವಾಗ ಬಾಯಿಗೆ ಏನು ತುರ್ಕೊಂಡಿದ್ರಿ ಎಲ್ರೂ?" ಎಂದವಳೇ ಕುರ್ಚಿಯ ಮುಂದೆ ಬಗ್ಗಿದಳು. "ಯಜಮಾನ್ರೇ, ಮಗಳು ಹೇಳೋದು ನಿಜಾನಾ? ಹಾರ್ಟಿಂದು?"

"ಅವಳಿಗೆ ನೆರಳು ಕಂಡ್ರೂ ಭಯ," ಎಂದು ಅಪ್ಪ ನಕ್ಕರು. ಹಲ್ಲು ಕಚ್ಚಿಯೇ ನಕ್ಕರು. "ಅದು ನನ್ನ ತಮ್ಮಂಗೆ. ನೋಡಿ, ಕೈ ನಡುಗ್ತಿದೆಯಾ?"

ನಡುಗುತ್ತಿರಲಿಲ್ಲ. ದೊಡ್ಡಕ್ಕ ಒಮ್ಮೆ ಗುಬ್ಬಿಯನ್ನು, ಒಮ್ಮೆ ಅವರನ್ನು ನೋಡಿದಳು. ಮೇಲೆ ದಲ್ಲಾಳಿ ಮಾಮ ಮೊಬೈಲಿನ ಹಿಂದೆ ಮುಖ ಮರೆಸಿಕೊಂಡರು. ಅವರ ಬಾಯಿಂದ ನಿಜ ಬರಲಿಲ್ಲ. ದೊಡ್ಡಕ್ಕ ಚಾಕುವಿನ ಒರೆ ಬಿಚ್ಚಿಟ್ಟುಕೊಂಡು ಕುರ್ಚಿಯ ಹಿಂದೆ ತನ್ನ ಜಾಗಕ್ಕೆ ಹೋದಳು. "ನಾನು ಇಲ್ಲೇ ಇದೀನಿ ಮಗಾ. ಅವರು 'ಸಾಕು' ಅನ್ನದೆ ಕತ್ತರಿಸಿದ್ರೆ ನಾಳೆ ನನ್ನನ್ನೇ ಕತ್ತರಿಸ್ತಾರೆ."

ಗುಬ್ಬಿ ಬಲಗಡೆಯ ಅಂಚಿಗೆ ಹೋಗಿ ಕಂಬಿಗೆ ಬೆನ್ನು ಕೊಟ್ಟು ನಿಂತಳು. ಅಲ್ಲಿಂದ ಅಪ್ಪನ ಬಲಗೈ ಕಾಣುತ್ತಿತ್ತು. ಉಳಿದವರೆಲ್ಲ ಕುರ್ಚಿಯ ಹಿಂದಿದ್ದರು, ದಾರ ಹೋಗಿ ನೀರು ಸೇರುವ ಜಾಗವನ್ನೇ ನೋಡುತ್ತಿದ್ದರು. ಮೀನು ಆಳಕ್ಕಿಳಿದಿತ್ತು. ದಾರ ನೆಟ್ಟಗೆ ಕಪ್ಪು ನೀರಿನೊಳಗೆ ಹೋಗಿತ್ತು. ದಲ್ಲಾಳಿ ಮಾಮನ ಅರಚಾಟವೂ ನಿಂತು, ಎಂಜಿನ್ನಿನ ಗೊರಗೊರ ಮಾತ್ರ ಉಳಿಯಿತು.

ಸಮುದ್ರ ಏರಿದಾಗ ಕೋಲಿನ ತುದಿ ಬಾಗಿ ಅಪ್ಪನನ್ನು ಮುಂದಕ್ಕೆ ಎಳೆಯುತ್ತಿತ್ತು. ಇಳಿದಾಗ ತುದಿ ಮೇಲೆದ್ದು ಅವರು ಹಿಂದಕ್ಕೆ ವಾಲುತ್ತಿದ್ದರು. ಹಿಂದೆ, ಮುಂದೆ. ಹಿಂದೆ, ಮುಂದೆ.

"ಭಲೇ ಮೇಸ್ತ್ರಿ! ಬಿಡ್ತಾನೇ ಇಲ್ಲ ನೋಡು!" ಎಂದರು ದಲ್ಲಾಳಿ ಮಾಮ ಮೆಲ್ಲಗೆ, ಭಕ್ತಿಯಿಂದ.

ಕ್ಯಾಪ್ಟನ್ ಬೋಟನ್ನು ಹಿಮ್ಮುಖವಾಗಿ ಓಡಿಸಿದ. ನೀರು ಹಿಂಭಾಗದ ಅಂಚು ದಾಟಿ ನುಗ್ಗಿ ಅಪ್ಪನ ಮೊಣಕಾಲು ತೋಯಿಸಿತು. ದಾರ ಸಡಿಲವಾಯಿತು. "ಸುತ್ತಿ ಯಜಮಾನ್ರೇ! ಈಗ ಸುತ್ತಿ!"

ಹಿಡಿಕೆ ತಿರುಗಲಿಲ್ಲ.

"ಸುತ್ತ್ರೀ! ಸಡಿಲ ಬಿಟ್ರೆ ಹೋಗ್ಬಿಡತ್ತೆ!"

"ಉಸಿರು ತಗೊಳ್ತಿದಾನೆ, ತಡಿಯಪ್ಪ," ಎಂದರು ದಲ್ಲಾಳಿ ಮಾಮ.

ಗುಬ್ಬಿ ನೋಡಿದಳು. ಬಲಗೈ ಹಿಡಿಕೆಯ ಮೇಲಿರಲಿಲ್ಲ. ಅದು ತೊಡೆಯ ಪಕ್ಕದಲ್ಲಿ ಅಂಗೈ ಮೇಲಾಗಿ ಬಿದ್ದಿತ್ತು, ಯಾರಿಂದಲೋ ಏನೋ ತೆಗೆದುಕೊಳ್ಳಲು ಚಾಚಿದಂತೆ. ಟೋಪಿಯ ಅಂಚಿನ ಕೆಳಗೆ ಗದ್ದ ಎದೆಗೆ ತಾಗಿತ್ತು. ಬೆಲ್ಟು ಅವರನ್ನು ಹಿಡಿದು ಕೂರಿಸಿತ್ತು. ಇಷ್ಟು ಹೊತ್ತೂ ಅವರನ್ನು ಹಿಂದೆ ಮುಂದೆ ತೂಗುತ್ತಿದ್ದುದು ಸಮುದ್ರ. ಎಷ್ಟು ಹೊತ್ತಿನಿಂದ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಅವಳು ಕೂಗಬೇಕೆಂದು ಬಾಯಿ ತೆರೆದಳು. ದನಿ ಬರಲಿಲ್ಲ. ಹಾಗಾಗಿ ಕಾಲು ಮುಂದಿಟ್ಟಳು. ಜಾರಿದಳು, ಎದ್ದಳು, ಎರಡೂ ಕೈಗಳಿಂದ ಕೋಲನ್ನು ಹಿಡಿದುಕೊಂಡಳು.

"ಏಯ್! ಮುಟ್ಟಬೇಡ!" ದಲ್ಲಾಳಿ ಮಾಮ ಕಿರುಚಿದರು. ಕ್ಯಾಪ್ಟನ್ನೂ ಕಿರುಚಿದ. "ಹೋಯ್ತಲ್ಲೇ! ಎಲ್ಲ ಹಾಳು ಮಾಡಿದ್ಯಲ್ಲೇ!"

ಅವಳು ಬಿಡಲಿಲ್ಲ. ಕೋಲಿನೊಳಗಿಂದ ಆ ಮೀನಿನ ಜೀವ ಅವಳ ಮೊಣಕೈವರೆಗೂ ಬಂದು ತಟ್ಟಿತು, ತಟತಟನೆ, ಬಲವಾಗಿ. ಅದರ ಪಕ್ಕದಲ್ಲೇ ಇದ್ದ ಅಪ್ಪನ ಎಡಗೈ ತಣ್ಣಗಿತ್ತು.

"ಕತ್ತರಿಸಿ," ಎಂದಳು. ಆಮೇಲೆ ಅವಳಿಂದ ಬಂದದ್ದು ಅವಳೇ ಕೇಳರಿಯದ ದನಿ. "ಕತ್ತರಿಸೀ!"

ದೊಡ್ಡಕ್ಕ ಕುರ್ಚಿ ಬಳಸಿ ಬಂದು ಒಮ್ಮೆ ಮುಖ ನೋಡಿದಳು, ಅಷ್ಟೇ. ಚಾಕು ದಾರಕ್ಕೆ ತಾಗಿದ್ದೇ ತಡ, ಕೋಲು ಚಟ್ಟನೆ ನೆಟ್ಟಗಾಯಿತು. ಕೊಂಡಿ ಕಳಚಿದಾಗ ಅಪ್ಪ ಒಗೆದ ಕಂಬಳಿಯಂತೆ ಇಬ್ಬರ ಮೇಲೂ ಕುಸಿದರು.

ಮಾತ್ರೆ ನಾಲಿಗೆಯ ಕೆಳಗಿಟ್ಟದ್ದು ಗುಬ್ಬಿ. ದೊಡ್ಡಕ್ಕ ಎದೆ ಒತ್ತಿದಳು, ಬಾಯಲ್ಲಿ ಎಣಿಸುತ್ತ, ನಡುವೆ ತಮ್ಮನಿಗೆ ಬೈಯುತ್ತ. ಕ್ಯಾಪ್ಟನ್ ರೇಡಿಯೋದಲ್ಲಿ ಕೂಗುತ್ತ ಎಂಜಿನ್ನಿನ ಕಿವಿ ಹಿಂಡಿದ. ಬೋಟಿನ ಮೂತಿ ಮೇಲೆದ್ದಿತು. ದಲ್ಲಾಳಿ ಮಾಮ ಮೆಟ್ಟಿಲ ಮೇಲೇ ಕೂತುಬಿಟ್ಟಿದ್ದರು. "ನಾನು ಹೇಳ್ಬೇಕಿತ್ತು," ಎಂದರು. ಯಾರೂ ಅವರತ್ತ ನೋಡಲಿಲ್ಲ.

ಬಹಳ ಹೊತ್ತಾದ ಮೇಲೆ ಅಪ್ಪನ ಗಂಟಲಲ್ಲಿ ಒಂದು ಸದ್ದಾಯಿತು. ಕಣ್ಣುಗಳು ಅರ್ಧ ತೆರೆದವು, ಯಾರ ಮೇಲೂ ನಿಲ್ಲಲಿಲ್ಲ. ತುಟಿ ಅಲುಗಿತು. ಗುಬ್ಬಿ ಕಿವಿ ಕೊಟ್ಟಳು.

"ಮೀನು... ಇದೆಯಾ?"

ದಲ್ಲಾಳಿ ಮಾಮ ಬಾಯಿ ತೆರೆಯುವ ಮೊದಲೇ ಅವಳೆಂದಳು, "ಇದೆ ಅಪ್ಪ."

"ಯಾರೂ... ಮುಟ್ಟಿಲ್ಲ ತಾನೆ?"

"ಯಾರೂ ಮುಟ್ಟಿಲ್ಲ. ನಿಮ್ಮ ಕೈಯಲ್ಲೇ ಇದೆ. ಬಿಡಬೇಡಿ." ತನ್ನ ಮುಷ್ಟಿಯನ್ನು ಅವರ ಬಲ ಅಂಗೈಯೊಳಗೆ ತುರುಕಿದಳು.

ಬೆರಳುಗಳು ಮೆಲ್ಲನೆ ಅದರ ಸುತ್ತ ಮಡಚಿಕೊಂಡವು. ಆಮೇಲೆ ಆ ಕೈ ಅವಳ ಮುಷ್ಟಿಯನ್ನು ಹಿಡಿದು ತಿರುಗಿಸತೊಡಗಿತು, ಒಂದು ಸುತ್ತು, ನಿಂತು ಇನ್ನೊಂದು ಸುತ್ತು. ದೊಡ್ಡಕ್ಕ ಮುಖವನ್ನು ಆಚೆ ತಿರುಗಿಸಿದಳು.

"ಇನ್ನೆಷ್ಟು ದೂರ?" ಎಂದು ಕೇಳಿದರು ದಲ್ಲಾಳಿ ಮಾಮ. ಕ್ಯಾಪ್ಟನ್ ಕೇಳಿಸದವನಂತೆ ಮುಂದೆ ನೋಡುತ್ತಿದ್ದ. ಮುಂದೆ ದಡದ ಗೆರೆ ಇರಲಿಲ್ಲ. ನೀರು, ಅದರ ಮೇಲೆ ಬಿಳಿ ಬಿಸಿಲು.

ಅಪ್ಪನ ಕೈ ನಿಧಾನವಾಯಿತು. ಅರ್ಧ ಸುತ್ತಿನಲ್ಲಿ ನಿಂತಿತು.

"ಅಪ್ಪಾ, ದಾರ ಸಡಿಲ ಆಗ್ತಿದೆ," ಎಂದಳು ಗುಬ್ಬಿ, ಎಂಜಿನ್ನಿನ ಸದ್ದನ್ನೂ ಮೀರಿ. "ಸುತ್ತಿ. ಹೋಗ್ಬಿಡತ್ತೆ, ಸುತ್ತಿ."

ಅವಳು ಕಾದಳು. ಆ ಕೈ ಒಂದಿಷ್ಟು ತಿರುಗಿತು.

"ಹಾಗೇ. ಇನ್ನೊಂದು ಸಲ."